ವಾರಕ್ಕೆ ಎರಡು ಗಂಟೆ: ಆರೋಗ್ಯ ಸಚಿವರಿಗೆ ಆಪ್ತಸಮಾಲೋಚಕಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಪ್ರತಿ ವರ್ಷ ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನ. ಜಿಲ್ಲಾ ಕೇಂದ್ರಗಳಲ್ಲಿ ನರ್ಸಿಂಗ್ ವಿದ್ಯಾರ್ಥಿಗಳ ಜಾಥಾ ಹೊರಡುತ್ತದೆ, ಪ್ರತಿಜ್ಞಾವಿಧಿ ಬೋಧನೆಯಾಗುತ್ತದೆ, ಗಣ್ಯರು ಗಿಡಕ್ಕೆ ನೀರೆರೆದು ಕಾರ್ಯಕ್ರಮ ಉದ್ಘಾಟಿಸುತ್ತಾರೆ. 2024ರ ಘೋಷವಾಕ್ಯ, ಕೆಲಸದ ಸ್ಥಳದಲ್ಲಿ ಮಾನಸಿಕ ಆರೋಗ್ಯಕ್ಕೆ ಆದ್ಯತೆ ಕೊಡುವ ಕಾಲ ಬಂದಿದೆ ಎಂಬುದಾಗಿತ್ತು. ಆ ತಿಂಗಳು ನಾನೂ ನನ್ನಂಥ ಹಲವರೂ ಬ್ಯಾಂಕು, ಪೊಲೀಸ್ ಠಾಣೆ, ಗಾರ್ಮೆಂಟ್ಸ್ ಕಾರ್ಖಾನೆ, ಬಸ್ ಡಿಪೊ ಎಂದು ಸುತ್ತಿ ಕೆಲಸದ ಒತ್ತಡವನ್ನು ಕುರಿತು ಉಪನ್ಯಾಸ ಕೊಟ್ಟೆವು. ಊಟದ ಬಿಡುವನ್ನು ತಪ್ಪಿಸಬೇಡಿ, ಕಷ್ಟವಿದ್ದರೆ ಮೇಲಧಿಕಾರಿಯ ಬಳಿ ಹೇಳಿಕೊಳ್ಳಿ, ಮನೆಗೆ ಹೋದ ಮೇಲೆ ಕಚೇರಿಯ ಫೋನ್ ಎತ್ತಬೇಡಿ ಎಂದೆವು. ಉಪನ್ಯಾಸ ಮುಗಿದ ಕೂಡಲೇ ಹಾಜರಾತಿ ಪಟ್ಟಿಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಊಟ ಬಿಟ್ಟು, ಮುಂದಿನ ಉಪನ್ಯಾಸಕ್ಕೆ ಬಸ್ ಹತ್ತಿದೆವು. ನಿಮ್ಮ ಕೆಲಸದ ಸ್ಥಳ ಹೇಗಿದೆ ಎಂದು ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಿಯಾರು ಎಂದು ನಾವೂ ಕಾದಿರಲಿಲ್ಲ.

ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಒಂದು ಸಹಾಯವಾಣಿಯಲ್ಲಿಯೂ ಆಪ್ತಸಮಾಲೋಚಕಿಯಾಗಿ ದುಡಿದವಳು ನಾನು. ಈಗ ಶನಿವಾರ ಸಂಜೆ ಬೇರೆ ಬೇರೆ ಜಿಲ್ಲೆಗಳ ಕಿರಿಯ ಸಹೋದ್ಯೋಗಿಗಳೊಂದಿಗೆ ಫೋನಿನಲ್ಲಿ ಕುಳಿತು ಅವರ ವಾರದ ಪ್ರಕರಣಗಳನ್ನು ಕೇಳುತ್ತೇನೆ. ಇದಕ್ಕೆ ಯಾವ ಆದೇಶವೂ ಇಲ್ಲ, ಭತ್ಯೆಯೂ ಇಲ್ಲ. ಅವರು ತಮ್ಮ ರಜೆಯ ಹೊತ್ತಿನಲ್ಲಿ ಬರುತ್ತಾರೆ, ನಾನು ನನ್ನ ರಜೆಯ ಹೊತ್ತಿನಲ್ಲಿ ಬರುತ್ತೇನೆ. ಈ ಪತ್ರ ಸಂಬಳ ಹೆಚ್ಚಿಸಿ ಎಂದು ಕೇಳಲು ಬರೆದದ್ದಲ್ಲ. ಹೆಚ್ಚಿಸಿದರೆ ಬೇಡ ಎನ್ನುವವರೂ ನಾವಲ್ಲ. ನನ್ನ ಮುಖ್ಯ ಬೇಡಿಕೆ ಒಂದೇ. ರಾಜ್ಯದ ಸರ್ಕಾರಿ ವ್ಯವಸ್ಥೆಯಲ್ಲಿರುವ ಪ್ರತಿಯೊಬ್ಬ ಮನಶ್ಶಾಸ್ತ್ರಜ್ಞ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಮತ್ತು ಆಪ್ತಸಮಾಲೋಚಕರಿಗೆ ವಾರಕ್ಕೆ ಎರಡು ಗಂಟೆಯ ಕ್ಲಿನಿಕಲ್ ಸೂಪರ್‌ವಿಷನ್ (ಅನುಭವಿಯೊಬ್ಬರ ಜತೆ ಕುಳಿತು ತಮ್ಮ ಪ್ರಕರಣಗಳನ್ನು ಚರ್ಚಿಸುವ ಅವಕಾಶ) ಸಿಗಬೇಕು, ಅದು ಕರ್ತವ್ಯದ ಅವಧಿಯೊಳಗೆ, ಪಾಳಿ ಪಟ್ಟಿಯಲ್ಲಿ ನಮೂದಾಗಿ ಸಿಗಬೇಕು. ಉಳಿದ ಕೆಲವು ಮಾತುಗಳು ಇದರ ಬೆನ್ನಿಗೇ ಬರುತ್ತವೆ.

ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಸವಳಿದು ಹೋಗುವುದು) ಎಂದರೆ ಬೆಂಗಳೂರಿನ ಐಟಿ ಕಂಪನಿಗಳ ಕಾಯಿಲೆ ಎಂದು ಭಾವಿಸಿದವರು ಬಹಳ ಜನ. ಆದರೆ ಅದನ್ನು ಮೊದಲು ಗುರುತಿಸಿದ್ದು ನಮ್ಮಂಥವರಲ್ಲೇ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ಅದರ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ ಮಾಡುತ್ತಿದ್ದವರನ್ನು ನೋಡಿ. ಸ್ವತಃ ತಾವೂ ಅಲ್ಲಿ ದುಡಿದು ಬಸವಳಿದ ಮೇಲೆ. ಅದನ್ನು ಅಳೆಯುವ ಪ್ರಶ್ನಾವಳಿಯನ್ನು ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿ 1981ರಲ್ಲಿ ಪ್ರಕಟಿಸಿದರು. ಅದೂ ಹುಟ್ಟಿದ್ದು ಜನರ ಕಷ್ಟ ಕೇಳುವುದನ್ನೇ ಕಸುಬಾಗಿ ಉಳ್ಳವರ ಅಧ್ಯಯನದಿಂದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ತನ್ನ ರೋಗ ವರ್ಗೀಕರಣದಲ್ಲಿ ವಿವರಿಸುವಾಗ ಒಂದು ಎಚ್ಚರ ವಹಿಸಿತು: ಇದು ರೋಗವಲ್ಲ, ಸರಿಯಾಗಿ ನಿಭಾಯಿಸದೇ ಹೋದ ದೀರ್ಘಕಾಲದ ಕೆಲಸದ ಒತ್ತಡದ ಫಲ ಎಂದಿತು. ಎಂದರೆ ಅದರ ಬೇರನ್ನು ಹುಡುಕಬೇಕಾದದ್ದು ಕೆಲಸದಲ್ಲಿ. ನಾವು ಹುಡುಕುತ್ತಿರುವುದು ಕೆಲಸ ಮಾಡುವವಳ ಸ್ವಭಾವದಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲಕ್ಷಣಗಳು ಮೂರು: ಬಸವಳಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ. ಮೊದಲನೆಯದು ಎಲ್ಲರಿಗೂ ಕಾಣುತ್ತದೆ, ಮೂರನೆಯದನ್ನು ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ನನಗೆ ಭಯ ಎರಡನೆಯದರದ್ದು, ಏಕೆಂದರೆ ಅದು ಹೊರಗಿನವರ ಕಣ್ಣಿಗೆ ದಕ್ಷತೆಯಂತೆ ಕಾಣುತ್ತದೆ. "ಇವತ್ತು ಎರಡು ಗಂಡ ಹೆಂಡತಿ, ಒಂದು ಪಿಯುಸಿ, ಮೂರು ಕುಡಿತ" ಎಂದು ಲೆಕ್ಕ ಒಪ್ಪಿಸುವ ಆಪ್ತಸಮಾಲೋಚಕಿ ಬೇಗ ಬೇಗ ಕೆಲಸ ಮುಗಿಸುತ್ತಾಳೆ. ಅವಳ ಅಂಕಿ ಅಂಶ ಚೆನ್ನಾಗಿರುತ್ತದೆ, ಮಾಸಿಕ ಸಭೆಯಲ್ಲಿ ಹೊಗಳಿಕೆಯೂ ಸಿಗುತ್ತದೆ. ಆದರೆ ಎದುರಿಗೆ ಕುಳಿತವರು "ಸಾಕಾಗಿದೆ" ಎಂದಾಗ, ಸಾಕಾಗಿದೆ ಎಂದರೇನು ಎಂದು ಕೇಳಬೇಕಾದ ಮುಂದಿನ ಪ್ರಶ್ನೆ ಅವಳ ಬಾಯಿಗೆ ಬರುವುದಿಲ್ಲ. ಅದನ್ನು ಕೇಳಿದರೆ ಅರ್ಧ ಗಂಟೆ ಬೇಕು, ಆಮೇಲೆ ಮನೆಯವರನ್ನು ಕರೆಸಬೇಕು, ಮನೆಯಲ್ಲಿ ಅಪಾಯಕಾರಿ ವಸ್ತುಗಳನ್ನು ಯಾರ ಸುಪರ್ದಿಗೆ ಕೊಡುವುದು ಎಂದು ಮಾತಾಡಬೇಕು, ವೈದ್ಯರಿಗೆ ತೋರಿಸಬೇಕು, ಮರುದಿನ ಫೋನ್ ಮಾಡಬೇಕು. ಹೊರಗೆ ಸಾಲು ಕಾಯುತ್ತಿದೆ. ಕೇಳಬಾರದೆಂದು ಅವಳು ತೀರ್ಮಾನಿಸಿರುವುದಿಲ್ಲ. ಆ ಪ್ರಶ್ನೆ ಅವಳಿಗೆ ತೋಚುವುದೇ ಇಲ್ಲ. ನಮ್ಮ ಬಳಲಿಕೆಯ ಬೆಲೆಯನ್ನು ತೆರುವವರಲ್ಲಿ ನಾವು ಎರಡನೆಯವರು.

ಸಾರಿಗೆ ಬಸ್ಸಿನ ಚಾಲಕರ ವಿಷಯದಲ್ಲಿ ಈ ದೇಶ ಇದನ್ನು ಎಂದೋ ಅರ್ಥ ಮಾಡಿಕೊಂಡಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸಿಕೊಳ್ಳುವಂತಿರಲಿಲ್ಲ. ಒಂದೇ ಸಮನೆ 5 ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕಿತ್ತು. ಕಾರ್ಮಿಕನ ಮೇಲಿನ ಅನುಕಂಪ ಆ ನಿಯಮಕ್ಕೆ ಒಂದು ಕಾರಣವಾದರೆ, ಹಿಂದಿನ ಸೀಟುಗಳಲ್ಲಿ ನಿದ್ದೆ ಹೋದ ಪ್ರಯಾಣಿಕರು ಇನ್ನೊಂದು ಕಾರಣ. ಒಂದೇ ದಿನದಲ್ಲಿ ಎಷ್ಟು ಜನರ ಸಾವಿನ ಯೋಚನೆಯನ್ನು ಒಬ್ಬರು ಕೇಳಬಹುದು ಎಂಬುದಕ್ಕೆ ನಮ್ಮಲ್ಲಿ ಅಂಥ ಒಂದು ಸಾಲಿನ ನಿಯಮವೂ ಇಲ್ಲ.

ಈಗ ಒಂದು ತಾಲ್ಲೂಕು ಆಸ್ಪತ್ರೆಯ ಮಂಗಳವಾರವನ್ನು ನೋಡಿ. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ದಿನವದು. ಒಳ್ಳೆಯ ಯೋಜನೆ, ಮಾನ್ಯರೇ. ಜಿಲ್ಲಾ ಕೇಂದ್ರಕ್ಕೆ ಹೋಗಿಬರುವ ಬಸ್ ಖರ್ಚಿಗೂ ಒಂದು ದಿನದ ಕೂಲಿಗೂ ಹೆದರಿ ಮಾತ್ರೆ ಬಿಟ್ಟುಬಿಡುತ್ತಿದ್ದವರು ಅದರಿಂದ ಚಿಕಿತ್ಸೆಯಲ್ಲಿ ಉಳಿದಿದ್ದಾರೆ. ನಾನು ಹೇಳುವ ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಮನೋವೈದ್ಯರಿಗೆ ಒಂದು ಕೋಣೆ ಇತ್ತು. ಆಪ್ತಸಮಾಲೋಚನೆಗೆ ಇಂಜೆಕ್ಷನ್ ಕೋಣೆಯ ಪಕ್ಕದ ಓಣಿಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಗಂಡನ ಹೊಡೆತದ ಬಗ್ಗೆ ಹೇಳಲು ಬಂದ ಹೆಣ್ಣುಮಗಳು, ಗಂಡನ ಊರಿನವರು ಯಾರಾದರೂ ಬಿಪಿ ಮಾತ್ರೆಯ ಸಾಲಿನಲ್ಲಿ ನಿಂತಿದ್ದಾರೆಯೇ ಎಂದು ಮೊದಲು ಕತ್ತು ತಿರುಗಿಸಿ ನೋಡುತ್ತಾಳೆ. ಆಮೇಲೆ ತಲೆನೋವು ಎನ್ನುತ್ತಾಳೆ. ತಲೆನೋವಿನಿಂದ ಹೊಡೆತದವರೆಗೆ ಅವಳನ್ನು ಪಿಸುಮಾತಿನಲ್ಲೇ ಕರೆತರಬೇಕು, ಆ ಹೊತ್ತಿಗೆ ಮೂರು ಮಕ್ಕಳು ಇಂಜೆಕ್ಷನ್‌ಗೆ ಕಿರುಚಿರುತ್ತವೆ. ಈ ಸಾಲು ಮುಗಿದ ಮೇಲೆ ನೋಂದಣಿ ಪುಸ್ತಕ, ಆನ್‌ಲೈನ್ ನಮೂದು, ಮಾಸಿಕ ವರದಿ. ಮಧ್ಯಾಹ್ನ ಆಶಾ ಕಾರ್ಯಕರ್ತೆಯರಿಗೆ ತರಬೇತಿ. ಸಂಜೆ ಹೊತ್ತಿಗೆ, ದೌರ್ಜನ್ಯಕ್ಕೊಳಗಾದ ಮಗುವೊಂದು ಮಾತಾಡುತ್ತಿಲ್ಲ, ಸ್ವಲ್ಪ ಬನ್ನಿ ಎಂಬ ಕರೆ.

ಇದೆಲ್ಲ ಕೇಳಿಸಿಕೊಂಡವಳು ಮನೆಗೆ ಹೋಗಿ ಏನು ಹೇಳಬಹುದು? ಏನೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವ ಹೊಣೆಯನ್ನು ನಮ್ಮ ಮೇಲೆ ಹೊರಿಸಿದೆ. ಅದು ಹಾಗೆಯೇ ಇರಬೇಕು. ಅದಿಲ್ಲದಿದ್ದರೆ ಯಾರೂ ನಮ್ಮ ಬಳಿ ಬಾಯಿ ಬಿಡರು. ಬ್ಯಾಂಕಿನವರು ಕೆಟ್ಟ ದಿನವೊಂದನ್ನು ಊಟದ ತಟ್ಟೆಯ ಮುಂದೆ ಹೇಳಿ ಹಗುರಾಗಬಹುದು, ಮೇಷ್ಟ್ರು ಹೇಳಬಹುದು. ನಮ್ಮ ವೃತ್ತಿಯಲ್ಲಿ ಅದಕ್ಕೆ ಇರುವ ಜಾಗ ಸೂಪರ್‌ವಿಷನ್ ಒಂದೇ. ಕಾಯ್ದೆ ನಮ್ಮ ಬಾಯಿಗೆ ಬೀಗ ಹಾಕಿದ್ದು ಸರಿಯಾದರೆ, ಕಾನೂನುಬದ್ಧವಾಗಿ ಬಾಯಿ ತೆರೆಯುವ ಜಾಗವನ್ನು ಒದಗಿಸುವುದು ಕಾಯ್ದೆ ಮಾಡಿದವರ ಹೊಣೆ ಎಂಬುದು ನನ್ನ ವಾದ.

ಸೂಪರ್‌ವಿಷನ್ ಎಂದರೆ ತಪಾಸಣೆ ಎಂದುಕೊಂಡು ಹೆದರುವವರು ನಮ್ಮಲ್ಲೇ ಇದ್ದಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಐದಾರು ಜನ ಆಪ್ತಸಮಾಲೋಚಕರು, ಅನುಭವಿಯೊಬ್ಬರು. ಈ ವಾರ ಯಾವ ಪ್ರಕರಣದಲ್ಲಿ ಸಿಕ್ಕಿಹಾಕಿಕೊಂಡಿರಿ, ಯಾರ ಹೆಸರು ಪಟ್ಟಿಯಲ್ಲಿ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಯಾರಿಗೆ ಬೇಕಾದದ್ದಕ್ಕಿಂತ ಹೆಚ್ಚು ಮಾಡುತ್ತಿದ್ದೀರಿ, ಯಾರನ್ನು ಬೇಗ ಬೇಗ ಕಳಿಸುತ್ತಿದ್ದೀರಿ ಎಂಬ ಮಾತು ಅಲ್ಲಿ ಬರುತ್ತದೆ. ರೋಗಿಯ ಹೆಸರು, ಊರು ಹೇಳುವುದಿಲ್ಲ. ಚಿಕಿತ್ಸೆಯ ದಾರಿಯೂ ಚರ್ಚೆಯಾಗುತ್ತದೆ, ಚಿಕಿತ್ಸೆ ಕೊಡುವವಳ ಮೇಲೆ ಪ್ರಕರಣ ಏನು ಮಾಡುತ್ತಿದೆ ಎಂಬುದೂ ಚರ್ಚೆಯಾಗುತ್ತದೆ. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಮಾಡುವವರಿಗೆ ಎರಡು ವರ್ಷ ಇದು ಕಡ್ಡಾಯ. ಪ್ರಮಾಣಪತ್ರ ಕೈಗೆ ಬಂದು, ಜಿಲ್ಲೆಯೊಂದಕ್ಕೆ ಒಬ್ಬರೇ ಆಗಿ ಹೋಗಿ ಕುಳಿತ ದಿನದಿಂದ ಅದು ನಿಲ್ಲುತ್ತದೆ. ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ನಿಲ್ಲುತ್ತದೆ. ಸಮಾಜ ಕಾರ್ಯದಲ್ಲಿ ಅಥವಾ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನೇರವಾಗಿ ಆಪ್ತಸಮಾಲೋಚನೆಗೆ ಬಂದವರಲ್ಲಿ ಎಷ್ಟೋ ಜನ ಅದನ್ನು ಕಂಡೇ ಇಲ್ಲ. ಬ್ರಿಟನ್ನಿನ ಆಪ್ತಸಮಾಲೋಚಕರ ಸಂಘ ತನ್ನ ಮಾನ್ಯತೆ ಪಡೆದ ಸದಸ್ಯರಿಗೆ, ಅವರು ಎಷ್ಟೇ ಹಿರಿಯರಾಗಿರಲಿ, ತಿಂಗಳಿಗೆ ಕನಿಷ್ಠ ಒಂದೂವರೆ ಗಂಟೆ ಸೂಪರ್‌ವಿಷನ್ ಇರಲೇಬೇಕು ಎನ್ನುತ್ತದೆ. ಅಲ್ಲಿ ಅದು ವೃತ್ತಿಯ ಷರತ್ತು. ನಮ್ಮಲ್ಲಿ ಅದು ಯಾರದೋ ಶನಿವಾರದ ಔದಾರ್ಯ.

ಒಂದು ಉದಾಹರಣೆ ಕೊಡುತ್ತೇನೆ. ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಕಿರಿಯ ಸಹೋದ್ಯೋಗಿಯೊಬ್ಬಳ ಬಳಿ ಸಮಾಲೋಚನೆಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಪರೀಕ್ಷಾ ಫಲಿತಾಂಶದ ಹೊತ್ತಿಗೆ ತೀರಿಕೊಂಡ. ಮರುದಿನ ಬೆಳಿಗ್ಗೆ ಅವಳಿಗೆ ಬಂದ ಮೊದಲ ಕರೆ, ಆ ಹುಡುಗನ ಕಡತ ತಯಾರಿಡಿ ಎಂದು. ಎರಡನೆಯದು, ಎಷ್ಟು ಬಾರಿ ನೋಡಿದ್ದಿರಿ, ವೈದ್ಯರಿಗೆ ಕಳಿಸಿದ್ದಿರಾ, ಲಿಖಿತವಾಗಿ ಕೊಡಿ ಎಂದು. ಮಧ್ಯಾಹ್ನ ಅವಳು ಕಾಲೇಜೊಂದರಲ್ಲಿ ಮೊದಲೇ ನಿಗದಿಯಾಗಿದ್ದ ಆತ್ಮಹತ್ಯೆ ತಡೆ ಕಾರ್ಯಕ್ರಮದಲ್ಲಿ ಮಾತಾಡಬೇಕಿತ್ತು, ಮಾತಾಡಿದಳು. ಊಟ ಮಾಡಿದ್ದೀಯಾ ಎಂದು ಕೇಳಿದವರು ಆ ಕಾಲೇಜಿನ ಜವಾನರು. ಮುಂದಿನ ವರ್ಷ ಶನಿವಾರದ ಗುಂಪಿಗೆ ಅವಳು ಸೇರಿದಾಗ ಅವಳ ವಾರದ ಪಟ್ಟಿಯಲ್ಲಿ ಒಂದು ವಿಚಿತ್ರ ಕಾಣಿಸಿತು. ದಾಂಪತ್ಯದ ಜಗಳಕ್ಕೆ ಒಂದು ಗಂಟೆ ಕೊಡುವವಳು, ಪರೀಕ್ಷೆಯ ಭಯ ಎಂದು ಬಂದ ಮಕ್ಕಳನ್ನು ಹತ್ತು ನಿಮಿಷದಲ್ಲಿ ಧೈರ್ಯ ಹೇಳಿ ಕಳಿಸುತ್ತಿದ್ದಳು. ಅವಳಿಗೇ ಅದು ಗೊತ್ತಿರಲಿಲ್ಲ. ಗುಂಪಿನಲ್ಲಿ ಯಾರೋ ಸಹಜವಾಗಿ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಆ ಹುಡುಗನ ವಿಷಯ ಹೇಳಿದಳು. ಅಷ್ಟು ತಿಂಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಇನ್ನೂ ಕೆಲಸದಲ್ಲಿದ್ದಾಳೆ, ಮಕ್ಕಳನ್ನು ಚೆನ್ನಾಗಿ ನೋಡುತ್ತಾಳೆ.

ಅವಳ ಕೆಲಸದಲ್ಲಿ ಲೋಪವಿತ್ತೇ ಎಂದು ವಿಚಾರಿಸುವುದು ತಪ್ಪಲ್ಲ. ರೋಗಿಯ ಸಾವನ್ನು ಪರಿಶೀಲಿಸಲೇಬೇಕು. ನನ್ನ ತಕರಾರು ಕ್ರಮದ ಬಗ್ಗೆ. ಮೊದಲ ದಿನ ಹಿರಿಯರೊಬ್ಬರು ಬಂದು ಅವಳ ಜತೆ ಕುಳಿತುಕೊಳ್ಳಲಿ, ಅವಳ ಉಳಿದ ಪ್ರಕರಣಗಳನ್ನು ಎರಡು ಮೂರು ದಿನ ಬೇರೆಯವರು ನೋಡಲಿ, ಕಡತ ಆಮೇಲೆ ಕೇಳಲಿ. ಆ ಪರಿಶೀಲನೆಯೂ ತಪ್ಪು ಹೊರಿಸುವ ನೋಟಿಸಿನ ಭಾಷೆಯಲ್ಲಿ ಬೇಡ. ನೋಟಿಸಿಗೆ ಹೆದರಿದವರು ಮುಂದಿನ ಬಾರಿ ಕಡತವನ್ನು ಚೆನ್ನಾಗಿ ಬರೆಯುತ್ತಾರೆ. ರೋಗಿಯನ್ನು ಚೆನ್ನಾಗಿ ನೋಡುತ್ತಾರೆ ಎಂದೇನಿಲ್ಲ. 2023-24ರಿಂದ ನಮ್ಮ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆ. ಮಕ್ಕಳಿಗೆ ಅದು ಒಳ್ಳೆಯದೇ, ಇನ್ನೊಂದು ಅವಕಾಶ ಸಿಗುತ್ತದೆ. ಆದರೆ ಫಲಿತಾಂಶದ ದಿನದ ಭಯವೂ ಈಗ ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ಶಿಕ್ಷಣ ಇಲಾಖೆ ಲೆಕ್ಕ ಹಾಕದಿದ್ದರೂ ನಿಮ್ಮ ಇಲಾಖೆ ಹಾಕಬೇಕು.

ಸಹಾಯವಾಣಿಯ ಮಾತಿಗೆ ಬರುತ್ತೇನೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್, ಅಂದರೆ 14416, ಇಡೀ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಸ್ವೀಕರಿಸಿದೆ. ಹಗಲು ರಾತ್ರಿ ಕರೆ ಎತ್ತುವ ಇಂಥ ಸೇವೆ ಬೇಕು, ಅದು ಬೆಳೆಯಬೇಕು. ಆದರೆ ಫೋನಿನಲ್ಲಿ ಕೇಳುವುದು ಎದುರು ಕುಳಿತು ಕೇಳುವುದಕ್ಕಿಂತ ಬೇರೆ ಬಗೆಯ ದುಡಿಮೆ. ಮುಖ ಕಾಣುವುದಿಲ್ಲ, ಮುಂದೇನಾಯಿತು ಎಂದು ತಿಳಿಯುವುದಿಲ್ಲ. ನಾನಿದ್ದ ಸಹಾಯವಾಣಿ ಬೇರೆ, ಅದರ ಹೆಸರು ಹೇಳುವುದಿಲ್ಲ. ಸಾಲ ವಸೂಲಿಯವರ ಕಾಟ ತಾಳಲಾರೆ ಎಂದು ಅಳುತ್ತಿದ್ದ ಹೆಂಗಸಿನ ಕರೆ ನಡುವಿನಲ್ಲಿ ಕಡಿದುಹೋದರೆ, ಮರು ಕರೆ ಮಾಡಿದಾಗ ಸ್ವಿಚ್ ಆಫ್ ಬಂದರೆ, ಪರದೆಯ ಮೇಲೆ ಮುಂದಿನ ಕರೆ ಮಿಟುಕುತ್ತಿತ್ತು. ಎತ್ತುವುದು ತಡವಾದರೆ ಅದು ನಮ್ಮ ಲೆಕ್ಕಕ್ಕೆ ಬರುತ್ತಿತ್ತು. ಸಾವಿನ ಅಂಚಿನ ಕರೆಯೊಂದು ಮುಗಿದ ಮೇಲೆ ಇಪ್ಪತ್ತು ನಿಮಿಷ, ಕಾರಣ ಬರೆಯದೆ, ಅನುಮತಿ ಕೇಳದೆ, ಎದ್ದು ಹೋಗುವ ಹಕ್ಕು ಯಾವುದೇ ಸಹಾಯವಾಣಿಯ ಸಿಬ್ಬಂದಿಗೆ ಇರಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿಯ ನೊಂದ ಮಹಿಳೆಯರ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಮಹಿಳಾ ಸಹಾಯವಾಣಿ 181 ಮತ್ತು ಮಕ್ಕಳ ಸಹಾಯವಾಣಿ 1098ರಲ್ಲಿ ದುಡಿಯುವವರಿಗೂ ಇದು ಸಲ್ಲಬೇಕು. ನಿಮ್ಮ ಸಹೋದ್ಯೋಗಿ ಸಚಿವರಿಗೆ ತಾವೇ ಹೇಳಿದರೆ ನನ್ನ ಇನ್ನೊಂದು ಪತ್ರ ಉಳಿಯುತ್ತದೆ.

ಇಲಾಖೆಗೆ ಈ ಸಮಸ್ಯೆ ತಿಳಿದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆಗಾಗ ನಮಗೂ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಯುತ್ತದೆ. ಕಣ್ಣು ಮುಚ್ಚಿ ಉಸಿರಾಟ ಗಮನಿಸಿ ಎನ್ನುತ್ತಾರೆ. ಬಂದ ಸಂಪನ್ಮೂಲ ವ್ಯಕ್ತಿ ಒಮ್ಮೊಮ್ಮೆ ನಮ್ಮದೇ ಸ್ಲೈಡುಗಳನ್ನು ನಮಗೆ ತೋರಿಸುವುದುಂಟು. ಉಸಿರಾಟದ ಅಭ್ಯಾಸದ ಮೇಲೆ ನನಗೆ ಗೌರವವಿದೆ, ದಿನಾ ಹೇಳಿಕೊಡುತ್ತೇನೆ. ಆದರೆ ಆ ಕಾರ್ಯಾಗಾರಕ್ಕಾಗಿ ಬಂದ ದಿನದ ರೋಗಿಗಳು ಮರುದಿನದ ಸಾಲಿಗೆ ಸೇರಿರುತ್ತಾರೆ. ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ 2022ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸಂಸ್ಥೆಯ ಮಟ್ಟದ ಬದಲಾವಣೆಗಳನ್ನೂ ಮೇಲಧಿಕಾರಿಗಳ ತರಬೇತಿಯನ್ನೂ ಶಿಫಾರಸು ಮಾಡುತ್ತದೆ. ಕೆಲಸದ ಹೊರೆ, ಪಾಳಿ, ನಿರ್ಧಾರದಲ್ಲಿ ಪಾಲು ಇವೇ ಅದರ ಮಾತುಗಳು. ಇನ್ನು ಸನ್ಮಾನ. ಉತ್ತಮ ಆಪ್ತಸಮಾಲೋಚಕಿ ಎಂದು ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಡುವ ಖರ್ಚಿನಲ್ಲಿ ಆ ತಾಲ್ಲೂಕು ಆಸ್ಪತ್ರೆಯ ಓಣಿಗೆ ಒಂದು ಪ್ಲೈವುಡ್ ಗೋಡೆಯನ್ನೂ ಬಾಗಿಲನ್ನೂ ಹಾಕಿಸಬಹುದಿತ್ತು.

ರೋಗಿಗಳು ಇಷ್ಟೊಂದು ಇರುವಾಗ ವಾರಕ್ಕೆ ಎರಡು ಗಂಟೆ ಕೊಡುವುದು ಹೇಗೆ ಎಂದು ಅಧಿಕಾರಿಗಳು ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. 2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಶೇ 70ರಿಂದ 92ರಷ್ಟು ಎಂದು ಹೇಳಿತ್ತು. ಆ ಹಸಿವಿನ ಮುಂದೆ ಎರಡು ಗಂಟೆ ದೊಡ್ಡದು. ಆದರೆ ಇನ್ನೊಂದು ಲೆಕ್ಕವನ್ನೂ ಹಾಕಿ. ಬಳಲಿ ಬಿಟ್ಟುಹೋದವಳ ಹುದ್ದೆ ತಿಂಗಳುಗಟ್ಟಲೆ ಖಾಲಿ ಇರುತ್ತದೆ. ಹೊಸಬರು ಬಂದು ತಾಲ್ಲೂಕುಗಳ ದಾರಿ ಕಲಿಯುವ ಹೊತ್ತಿಗೆ ಹಳೆಯ ರೋಗಿಗಳಲ್ಲಿ ಹಲವರು ಬರುವುದನ್ನೇ ನಿಲ್ಲಿಸಿರುತ್ತಾರೆ. ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ಮೂರನೆಯ ಆಪ್ತಸಮಾಲೋಚಕಿಯ ಮುಂದೆ ಕುಳಿತು, "ಮತ್ತೆ ಮೊದಲಿಂದ ಹೇಳಬೇಕೇನಮ್ಮಾ?" ಎಂದು ಕೇಳಿ ಎದ್ದು ಹೋದದ್ದು ನನಗೆ ಗೊತ್ತು. ಅವರು ಚಿಕಿತ್ಸೆ ನಿರಾಕರಿಸಿದವರ ಲೆಕ್ಕಕ್ಕೆ ಸೇರಿರುತ್ತಾರೆ.

ಬಿಟ್ಟುಹೋಗುವುದಕ್ಕೆ ಒಳಗುತ್ತಿಗೆಯೂ ಕಾರಣ. ಅದನ್ನು ವಿವರಿಸುವ ಅಗತ್ಯವಿಲ್ಲ. 2023ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಒಳಗುತ್ತಿಗೆ ನೌಕರರು ಕಾಯಂ ಮಾಡಿ ಎಂದು ಫ್ರೀಡಂ ಪಾರ್ಕಿನಲ್ಲಿ ಕುಳಿತದ್ದು ಇಲಾಖೆಗೆ ನೆನಪಿದೆ. ಮುಂದಿನ ವರ್ಷ ತನಗೇ ಕೆಲಸವಿದೆಯೋ ಇಲ್ಲವೋ ತಿಳಿಯದವಳು, ಮುಂದಿನ ತಿಂಗಳು ಬನ್ನಿ ಎಂದು ರೋಗಿಗೆ ಹೇಳುತ್ತಿರುತ್ತಾಳೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಖಾಸಗಿಯಾಗಿ ದುಡಿಯುವ ಥೆರಪಿಸ್ಟ್‌ಗಳ ಕಷ್ಟ ಬೇರೆ. ಅವರು ತಮ್ಮ ಸೂಪರ್‌ವಿಷನ್‌ಗೆ ಕೈಯಿಂದಲೇ ಹಣ ಕೊಡುತ್ತಾರೆ. ಆ್ಯಪ್‌ಗಳ ಮೂಲಕ ಸೆಷನ್ ಲೆಕ್ಕದಲ್ಲಿ ದುಡಿಯುವ ಕಿರಿಯರು ಅದನ್ನೂ ಬಿಟ್ಟುಬಿಡುತ್ತಾರೆ. ಆರೋಗ್ಯ ಪೂರಕ ವೃತ್ತಿಗಳ ಕೇಂದ್ರ ಕಾಯ್ದೆ 2021ರಲ್ಲಿ ಬಂದಿದೆ. ರಾಜ್ಯದ ಪರಿಷತ್ತು ನೋಂದಣಿಯ ನಿಯಮ ಮಾಡುವಾಗ ಸೂಪರ್‌ವಿಷನ್ ಅನ್ನು ಒಂದು ಷರತ್ತಾಗಿ ಸೇರಿಸಿದರೆ ಅವರಿಗೂ ಆಸರೆಯಾಗುತ್ತದೆ. ಈ ಪತ್ರದಲ್ಲಿ ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಯಾರು ಮಾಡಬೇಕು ಎಂಬ ಪ್ರಶ್ನೆ ಉಳಿಯಿತು. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನೋವೈದ್ಯರು ಒಬ್ಬರು, ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಒಬ್ಬರು ಎಂಬ ವಿನ್ಯಾಸ ಇರುವುದರಿಂದ ಒಳಗಿನವರು ಸಾಲದು. ಒಳಗಿನವರು ಬೇಡವೂ ಬೇಡ: ನನ್ನ ಗುತ್ತಿಗೆ ನವೀಕರಣಕ್ಕೆ ಸಹಿ ಹಾಕುವವರ ಮುಂದೆ ನನಗೆ ಬಳಲಿಕೆಯಾಗಿದೆ ಎಂದು ನಾನು ಹೇಳಲಾರೆ. ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋವೈದ್ಯಕೀಯ ವಿಭಾಗಗಳು, ನಿವೃತ್ತರಾದ ಹಿರಿಯರು ಇದ್ದಾರೆ. ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ 2018ರಿಂದ ದೂರದ ಊರಿನ ವೈದ್ಯರಿಗೆ, ಸಿಬ್ಬಂದಿಗೆ ವಿಡಿಯೊ ಮೂಲಕ ತರಬೇತಿ ಕೊಡುತ್ತಿದೆ; ಪ್ರಕರಣಗಳನ್ನು ದೂರದಿಂದಲೇ ಕೂತು ಚರ್ಚಿಸುವ ರೂಢಿಯೂ ಅಲ್ಲಿ ಬೆಳೆದಿದೆ. ಆರು ಜನರಿಗೆ ಒಬ್ಬರು ಮಾರ್ಗದರ್ಶಕರಂತೆ ಗೌರವಧನ ಕೊಟ್ಟು ನೇಮಿಸಿದರೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಬೇಕಾದದ್ದು ಎನ್‌ಎಚ್‌ಎಂ ಅನುಷ್ಠಾನ ಯೋಜನೆಯಲ್ಲಿ ಒಂದು ಸಾಲು, ಮತ್ತು ಆ ಎರಡು ಗಂಟೆಯಲ್ಲಿ ಬೇರೆ ಕೆಲಸ ಹಚ್ಚಬಾರದು ಎಂಬ ಸುತ್ತೋಲೆ.

ಕಾನೂನೂ ಬೆನ್ನ ಹಿಂದಿದೆ. 2017ರ ಕಾಯ್ದೆಯ 31ನೇ ಸೆಕ್ಷನ್, ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರು ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವನ್ನು ಹತ್ತು ವರ್ಷದೊಳಗೆ ಮುಟ್ಟಲು ಸರ್ಕಾರಗಳು ಪ್ರಯತ್ನಿಸಬೇಕು ಎನ್ನುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಹೊಸಬರನ್ನು ತರುವ ಮಾತು ಎಷ್ಟಾದರೂ ಆಡಬಹುದು, ಇರುವವರು ಹೀಗೇ ಬಿಟ್ಟುಹೋಗುತ್ತಿದ್ದರೆ ಆ ಸಂಖ್ಯೆ ಎಂದೂ ತಲುಪದು.

ಆರಂಭಿಸಲು ಎರಡು ಜಿಲ್ಲೆ ಸಾಕು. ಒಂದು ಬಳ್ಳಾರಿಯಾಗಲಿ ಎಂಬುದು ನನ್ನ ಆಸೆ. 1980ರ ದಶಕದಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ತೋರಿಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಹೋಯಿತು. ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ದಾರಿಯನ್ನು ಹೀಗೆ ಕಂಡುಕೊಟ್ಟ ಜಿಲ್ಲೆ ಒಯ್ಯುವವರನ್ನು ಉಳಿಸಿಕೊಳ್ಳುವ ದಾರಿಯನ್ನೂ ಕಂಡುಕೊಳ್ಳಲಿ. ಎರಡನೆಯ ಜಿಲ್ಲೆ ಇಲಾಖೆಯ ಆಯ್ಕೆ. ಒಂದು ವರ್ಷ ನಡೆಸಿ. ಎಷ್ಟು ಜನ ಕೆಲಸ ಬಿಟ್ಟರು, ಎಷ್ಟು ರೋಗಿಗಳು ಮರುಭೇಟಿಗೆ ಬಂದರು ಎಂಬ ಎರಡು ಅಂಕಿಗಳನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ನೋಡಿ. ನಾನು ಹೇಳಿದ್ದು ತಪ್ಪಾದರೆ ಆ ಅಂಕಿಗಳೇ ತೋರಿಸುತ್ತವೆ, ಆಗ ಯೋಜನೆಯನ್ನು ಕೈಬಿಡಿ.

ಮುಂದಿನ ಅನುಷ್ಠಾನ ಯೋಜನೆಯ ಕರಡು ಸಿದ್ಧವಾಗುವ ಮುನ್ನ ಒಂದು ಸಭೆ ಕರೆಯಬೇಕೆಂದು ಕೋರುತ್ತೇನೆ. ಅಧಿಕಾರಿಗಳು, ಮನೋವೈದ್ಯರು ಇರಲಿ. ತಾಲ್ಲೂಕುಗಳಲ್ಲಿ ಮತ್ತು ಫೋನಿನ ಮುಂದೆ ದಿನವೂ ಕೂರುವ ಆಪ್ತಸಮಾಲೋಚಕರೂ ನಾಲ್ಕೈದು ಜನ ಇರಲಿ, ಅವರಿಗೆ ಅಂದಿನ ದಿನವನ್ನು ಕರ್ತವ್ಯವೆಂದೇ ಪರಿಗಣಿಸಲಿ. ದಿನಾಂಕ ತಮ್ಮ ಅನುಕೂಲದಂತೆ. ಮಂಗಳವಾರ ಮಾತ್ರ ಬೇಡ, ಅಂದು ನಮಗೆ ಕ್ಲಿನಿಕ್ ಇರುತ್ತದೆ.

ಇಂತಿ,
ತಮ್ಮ ವಿಶ್ವಾಸಿ,
ಒಬ್ಬ ಆಪ್ತಸಮಾಲೋಚಕಿ